ಇಳಿದ ಗಾಜು ಏರದಿದ್ದಾಗ: ಪವರ್ ವಿಂಡೋ ಸ್ವಿಚ್ ಮನೆಯಲ್ಲೇ ಬಿಚ್ಚಿ ಸರಿಮಾಡಿದ್ದು

ಕಾರಿನ ಕಿಟಕಿಯ ಗಾಜು ಇಳಿಯುತ್ತದೆ, ಏರುವುದಿಲ್ಲ. ಗುಂಡಿಯನ್ನು ನಾಲ್ಕೈದು ಸಲ ಎಳೆದರೆ ಒಮ್ಮೆ ಮನಸ್ಸು ಮಾಡುತ್ತದೆ. ಚಾಲಕನ ಬಾಗಿಲಲ್ಲಿ ಹೀಗಾದರೆ ಮೋಟಾರು ತರಲು ಹೊರಡಬೇಡಿ. ಒಂದು ದಿಕ್ಕಿಗೆ ಸಲೀಸಾಗಿ ತಿರುಗುತ್ತಿದೆ ಎಂದಮೇಲೆ ಮೋಟಾರೂ ಫ್ಯೂಸೂ ಸರಿಯಿವೆ. ಹೆಚ್ಚು ಕಡಿಮೆ ಯಾವಾಗಲೂ ಕೆಟ್ಟಿರುವುದು ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್, ಅಂದರೆ ಒಂದಕ್ಕೊಂದು ತಾಗಿ ಕರೆಂಟ್ ಹಾಯಿಸುವ ಲೋಹದ ತುದಿ.

ಸಾಮಾನ್ಯ ಪವರ್ ವಿಂಡೋದಲ್ಲಿ ಮೋಟಾರಿಗೆ ಬರುವುದು ಎರಡೇ ವೈರ್. ಗುಂಡಿ ಮುಟ್ಟದಿದ್ದಾಗ ಎರಡೂ ಸ್ವಿಚ್ಚಿನ ಮೂಲಕ ಅರ್ಥ್‌ಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆಗೆ, ಕೂತಿರುತ್ತವೆ. ಏರಿಸುವಾಗ ಒಂದು ವೈರ್ 12 ವೋಲ್ಟ್‌ಗೆ ಜಿಗಿಯುತ್ತದೆ, ಇನ್ನೊಂದು ಅರ್ಥ್‌ನಲ್ಲೇ ಉಳಿಯುತ್ತದೆ, ಇಳಿಸುವಾಗ ಅದಲುಬದಲು. ಎರಡು ದಿಕ್ಕಿಗೂ ಬೇರೆ ಬೇರೆ ಜೋಡಿ ಕಾಂಟ್ಯಾಕ್ಟ್ ಬೇಕು, ಅದಕ್ಕೇ ಒಂದೇ ದಿಕ್ಕು ಸಾಯುತ್ತದೆ. ಉಳಿದ ಬಾಗಿಲುಗಳ ಕಥೆ ಸ್ವಲ್ಪ ಬೇರೆ. ಹಲವು ಕಾರುಗಳಲ್ಲಿ ಅವುಗಳ ಅರ್ಥ್ ಚಾಲಕನ ಸ್ವಿಚ್ಚನ್ನು ಹಾದು ಬರುತ್ತದೆ. ಹಾಗಾಗಿ ಬಾಗಿಲ ಕೀಲಿನ (ಹಿಂಜ್) ಬಳಿಯ ರಬ್ಬರ್ ಕೊಳವೆಯೊಳಗೆ ಒಂದು ವೈರ್ ತುಂಡಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಎಲ್ಲ ಕಿಟಕಿಗಳೂ ಒಟ್ಟಿಗೆ ನಿಂತಿದ್ದರೆ ಮೊದಲು ಫ್ಯೂಸ್, ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ನೋಡಿ. ಹಿಂದಿನ ಸೀಟಿನವು ಮಾತ್ರ ನಿಂತಿದ್ದರೆ ಚಾಲಕನ ಬಾಗಿಲಲ್ಲಿರುವ ಕಿಟಕಿ ಲಾಕ್ ಗುಂಡಿ ಒತ್ತಿದೆಯೇ ನೋಡಿ. ಮಕ್ಕಳಿರುವ ಮನೆಯಲ್ಲಿ ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ.

ಮಲ್ಟಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಮಸಿ ಹಿಡಿದ ಕಾಂಟ್ಯಾಕ್ಟ್ ಮೀಟರಿಗೆ ಪೂರ್ತಿ 12 ವೋಲ್ಟ್ ತೋರಿಸಿ, ಮೋಟಾರು 5ರಿಂದ 10 ಆಂಪಿಯರ್ ಕೇಳಿದ ಕೂಡಲೇ ಕೈಚೆಲ್ಲುತ್ತದೆ. ನಾನು ಬಳಸುವುದು 21 ವಾಟ್‌ನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದ ಪರೀಕ್ಷಾ ದೀಪ. ಮೋಟಾರಿನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಕಳಚಿ, ಸ್ವಿಚ್ಚಿನಿಂದ ಬರುವ ಕಡೆಯ ಎರಡು ಪಿನ್‌ಗಳಿಗೆ ದೀಪ ಹಿಡಿದು ಗುಂಡಿ ಎಳೆದರೆ, ಒಂದು ದಿಕ್ಕಿಗೆ ಬೆಳ್ಳಗೆ, ಇನ್ನೊಂದಕ್ಕೆ ಕೆಂಪಗೆ ಮಂಕಾಗಿ ಉರಿಯುತ್ತದೆ ಅಥವಾ ಉರಿಯುವುದೇ ಇಲ್ಲ.

ಬ್ಯಾಟರಿಯ ನೆಗೆಟಿವ್ ಕಳಚಿ. ಸ್ವಿಚ್ಚಿನ ಫಲಕವನ್ನು ಪ್ಲಾಸ್ಟಿಕ್ ಸಾಧನದಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಅಂಚು ಹರಿಯುವುದು ಖಂಡಿತ. ಕಪ್ಲರ್‌ನ ಲಾಕ್ ಒತ್ತಿಯೇ ಎಳೆಯಬೇಕು, ವೈರ್ ಹಿಡಿದು ಅಲ್ಲ. ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಫಲಕದಿಂದ ಬೇರ್ಪಡಿಸಿದ ಮೇಲೆ ಬಿಳಿ ಬಟ್ಟೆಯ ಮೇಲೆ, ಗುಂಡಿಗಳು ಕೆಳಮುಖವಾಗಿರುವಂತೆ ಇಟ್ಟು ತಳದ ಕ್ಲಿಪ್‌ಗಳನ್ನು ಬಿಡಿಸಿ. ಮೇಲ್ಮುಖವಾಗಿ ತೆರೆದರೆ ಸಣ್ಣ ಸ್ಪ್ರಿಂಗ್‌ಗಳು ಹಾರಿ ಸೋಫಾದಡಿ ಸೇರುತ್ತವೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಒಳಗೆ ತಕ್ಕಡಿ ದಂಡದಂತೆ ಆಡುವ ತಾಮ್ರದ ಪಟ್ಟಿಗಳಿರುತ್ತವೆ, ತುದಿಯಲ್ಲಿ ಬೆಳ್ಳಿಯ ಬೊಟ್ಟು. ಕಪ್ಪಾಗಿರುವುದು ಆ ಬೊಟ್ಟು. ಸುತ್ತ ಹಳೆಯ ಗ್ರೀಸು ಮಸಿಯೊಡನೆ ಬೆರೆತು ಡಾಂಬರಿನಂತಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೊದಲು ಗ್ರೀಸು ತೆಗೆಯಿರಿ. ಪೆಟ್ರೋಲ್, ಥಿನ್ನರ್ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ಬಳಿಕ 1000 ಅಥವಾ 1200 ನಂಬರ್ ಎಮರಿ ಕಾಗದದ ಸಣ್ಣ ತುಂಡನ್ನು ಬೊಟ್ಟಿನ ಮೇಲೆ ನಾಲ್ಕೈದು ಸಲ ಎಳೆದರೆ ಸಾಕು. ಬೆಳ್ಳಿಯ ಪದರ ತೆಳು. ತಾಮ್ರ ಕಾಣುವಷ್ಟು ಉಜ್ಜಿದರೆ ಸ್ವಿಚ್ ಮತ್ತೆ ಬೇಗ ಮಸಿ ಹಿಡಿಯುತ್ತದೆ. ಅರ್ಥ್ ಕಡೆಯ ಬೊಟ್ಟುಗಳನ್ನು ಮರೆಯುವವರೇ ಹೆಚ್ಚು. ಅವನ್ನೂ ಬಿಡದೆ ಉಜ್ಜಿ. ಬೊಟ್ಟು ಕರಗಿ ಗುಳಿಬಿದ್ದಿದ್ದರೆ, ಪ್ಲಾಸ್ಟಿಕ್ ಶಾಖಕ್ಕೆ ಸೊಟ್ಟಗಾಗಿದ್ದರೆ ಉಜ್ಜುವ ಶ್ರಮ ದಂಡ, ಹೊಸ ಸ್ವಿಚ್ಚೇ ಬೇಕು. ಬೆಂಗಳೂರಿನವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಬಹುದು, ಹಳೆಯದನ್ನು ಕೈಯಲ್ಲೇ ಹಿಡಿದುಹೋಗಿ ಪಿನ್ ಎಣಿಸಿ ಹೋಲಿಸಿ.

ಮುಚ್ಚುವ ಮುನ್ನ ಗುಂಡಿಯ ಅಡಿಯ ಪ್ಲಾಸ್ಟಿಕ್ ಕಡ್ಡಿ ಜಾರುವ ಜಾಗಕ್ಕೆ ಸಾಸಿವೆ ಕಾಳಿನಷ್ಟು ಸಿಲಿಕಾನ್ ಗ್ರೀಸ್ ಹಚ್ಚಿ, ಬೊಟ್ಟುಗಳಿಗೆ ತಾಗಿಸಬೇಡಿ. ಫಲಕ ಕೂರಿಸುವ ಮುನ್ನವೇ ಕಪ್ಲರ್ ಹಾಕಿ, ಬ್ಯಾಟರಿ ಜೋಡಿಸಿ ಹತ್ತು ಸಲ ಏರಿಸಿ ಇಳಿಸಿ ನೋಡಿ. ಒಮ್ಮೆ ಎಳೆದರೆ ತಾನೇ ಪೂರ್ತಿ ಏರುವ ‘ಆಟೋ’ ಕಿಟಕಿ ಬ್ಯಾಟರಿ ಕಳಚಿದ್ದರಿಂದ ತನ್ನ ಮಿತಿ ಮರೆತಿರಬಹುದು. ಹಲವು ಕಾರುಗಳಲ್ಲಿ ಗಾಜು ಪೂರ್ತಿ ಏರಿದ ಮೇಲೂ ಗುಂಡಿಯನ್ನು ಕೆಲವು ಸೆಕೆಂಡ್ ಎಳೆದೇ ಹಿಡಿದರೆ ನೆನಪಾಗುತ್ತದೆ.

ಇಷ್ಟಕ್ಕೇ ಬಿಟ್ಟರೆ ಮತ್ತೆ ಅದೇ ಕಾಂಟ್ಯಾಕ್ಟ್ ಸುಡುತ್ತದೆ. ಕಿಡಿ ಹಾರಿಸುವುದು ಗಾಜಿನ ಬಿಗಿ. ಗಾಜು ಓಡುವ ರಬ್ಬರಿನಲ್ಲಿ ಧೂಳು ತುಂಬಿ ಒಣಗಿದಾಗ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಗಾಜು ಮೇಲೆ ತಲುಪಿದ ಮೇಲೂ ಗುಂಡಿ ಎಳೆದೇ ಕೂತರೆ ಕರೆಂಟ್ ಇನ್ನೂ ಏರುತ್ತದೆ. ಒದ್ದೆ ಬಟ್ಟೆಯನ್ನು ಚಮಚದ ಹಿಡಿಗೆ ಸುತ್ತಿ ರಬ್ಬರ್ ಕಾಲುವೆ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್ ಬೇಡವೇ ಬೇಡ, ರಬ್ಬರ್ ಉಬ್ಬುತ್ತದೆ, ಧೂಳು ಇನ್ನಷ್ಟು ಅಂಟುತ್ತದೆ.