ಮಾತ್ರೆ ಮೊದಲು, ಕಾಫಿ ಆಮೇಲೆ

ಮುಟ್ಟು ನಿಂತಿತು, ಇನ್ನು ಆರಾಮ ಅಂತ ನಮ್ಮ ಉಡುಪಿ ಕಡೆಯ ಹೆಂಗಸರು ಹೇಳುವುದುಂಟು. ಆದರೆ ಎಲುಬು ಜಾಸ್ತಿ ಸವೆಯುವುದು ಅದರ ಮುಂದಿನ ಐದಾರು ವರ್ಷಗಳಲ್ಲೇ. ಎಲುಬನ್ನು ಕಾಯುತ್ತಿದ್ದ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗುತ್ತದಲ್ವಾ, ಅದಕ್ಕೆ. ನೋವು ಇರುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಎತ್ತರ ಕಡಿಮೆಯಾದಂತೆ ಕಂಡರೆ, ಸಣ್ಣಗೆ ಬಿದ್ದದ್ದಕ್ಕೇ ಮಣಿಕಟ್ಟು ಮುರಿದರೆ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಡಾಕ್ಟರ ಹತ್ತಿರ ಕೇಳಿ. ಅದರಲ್ಲಿ ಬರುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ಟೊಳ್ಳಾಗುವ ಕಾಯಿಲೆ.

ಆಗ ಹೆಚ್ಚಾಗಿ ಕೊಡುವುದು ಎಲುಬು ಸವೆಯುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆ, ವಾರಕ್ಕೊಂದು, 70 ಮಿಲಿಗ್ರಾಂನದ್ದು. ಇದನ್ನು ನುಂಗುವ ಕ್ರಮ ತಪ್ಪಿದರೆ ಮಾತ್ರೆ ದಂಡ. ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ತೆಗೆದುಕೊಳ್ಳಬೇಕು. ಅರ್ಧ ಗಂಟೆ ಕಾಫಿ, ತಿಂಡಿ, ಬೇರೆ ಮಾತ್ರೆ ಯಾವುದೂ ಬೇಡ. ಮಲಗಲೂಬಾರದು, ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣಾಗಬಹುದು. ಅಷ್ಟು ಹೊತ್ತು ನೆಟ್ಟಗೆ ಕೂತು ಮಲ್ಲಿಗೆ ಕಟ್ಟಿ, ಇಲ್ಲವೇ ಅಂಗಳದಲ್ಲಿ ನಡೆಯಿರಿ. ಎದೆಯುರಿ ಶುರುವಾದರೆ ಸಹಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ಹೇಳಿ. ಹಲ್ಲು ಕೀಳಿಸುವುದಿದ್ದರೆ ಮಾತ್ರೆ ಶುರುವಾಗುವ ಮೊದಲೇ ಮುಗಿಸುವುದು ಒಳ್ಳೆಯದು.

ಕ್ಯಾಲ್ಸಿಯಂ ಮಾತ್ರೆ ಊಟದ ಜೊತೆಗಿರಲಿ. ಥೈರಾಯ್ಡ್ ಮಾತ್ರೆ ಇದ್ದವರು ಎರಡರ ನಡುವೆ 4 ಗಂಟೆ ಬಿಡಬೇಕು. ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಊಟದ್ದೂ ಸೇರಿ ಸುಮಾರು 1200 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲೇ 350ರಷ್ಟು ಇದೆ, ಹಾಗಾಗಿ ರಾಗಿ ಮಣ್ಣಿ ಮಕ್ಕಳಿಗೆ ಮಾತ್ರ ಅಂತ ಬಿಡಬೇಡಿ. ಮೀನು ತಿನ್ನುವವರು ಕೊಲ್ಲತರುವಿನಂಥ ಸಣ್ಣ ಮೀನನ್ನು ಮುಳ್ಳಿನ ಸಮೇತ ಅಗಿಯಿರಿ. ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ಹೇಗೂ ಮನೆಯಲ್ಲೇ ಇರುತ್ತವೆ. ಬಸಳೆ ರುಚಿಯೇ, ಆದರೆ ಅದರಲ್ಲಿರುವ ಕ್ಯಾಲ್ಸಿಯಂ ಮೈಗೆ ಅಷ್ಟಾಗಿ ಹಿಡಿಯುವುದಿಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ಬಿಸಿಲೇ ಇಲ್ಲ, ವಿಟಮಿನ್ ಡಿ ಬೇಕಾಗಬಹುದು. ಹಾಗಂತ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಸುಮ್ನೆ ಮೆಡಿಕಲ್‌ನಿಂದ ತಂದು ವರ್ಷಗಟ್ಟಲೆ ಕುಡಿಯಬಾರದು.

ಅಜ್ಜರಕಾಡಿನ ಭುಜಂಗ ಪಾರ್ಕಿಗೆ ಹೋಗಿ ಬಿರುಸಾಗಿ ನಡೆಯಿರಿ. ಮನೆಯಲ್ಲಿ ಕೈ ಊರದೆ ಕುರ್ಚಿಯಿಂದ ಎದ್ದು ಕೂತು ಮಾಡಿ, ತೊಡೆಗೆ ಬಲ ಬರುತ್ತದೆ. ತುಂಬಿದ ಕೊಡಪಾನವನ್ನು ಸೊಂಟ ಬಗ್ಗಿಸಿ ಎತ್ತಬೇಡಿ. ಬೆನ್ನೆಲುಬು ಕುಸಿಯುವುದು ಹಾಗೆಯೇ.

ನನಗೆ ದೊಡ್ಡ ಹೆದರಿಕೆ ಮಳೆಗಾಲದ ಅಂಗಳದ್ದು. ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಬಾವಿಕಟ್ಟೆಯ ಬುಡದಲ್ಲಿ ಹಸಿರು ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ನಡೆಯುವಲ್ಲಿ ಅಡಿಕೆ ಸಲಾಕೆ ಹಾಸಿಸಿ. ಬಚ್ಚಲಿನಲ್ಲಿ ಒಂದು ಹಿಡಿಕೆ, ರಾತ್ರಿಗೆ ಒಂದು ಸಣ್ಣ ದೀಪ ಇರಲಿ.

ಕೆಲವರಿಗೆ ಅಲೆಂಡ್ರೊನೇಟ್ ಮಾತ್ರೆಯ ಬದಲು 6 ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ನಾವೇ ನಿಲ್ಲಿಸಿದರೆ ಬೆನ್ನೆಲುಬು ಬೇಗ ಮುರಿಯುವ ಅಪಾಯವಿದೆ. ಮುಂದಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸೊಸೆಗೋ ಮಗಳಿಗೋ ಹೇಳಿಡಿ.