ನ್ಯೂಜಿಲೆಂಡಿಗೆ ಹೋಗಿ ಸಣ್ಣದೊಂದು ಟ್ರೆಕ್ಕಿಂಗ್, ಸೈಕ್ಲಿಂಗ್ ಬಿಸಿನೆಸ್ ಶುರು ಮಾಡೋದು ಹೇಗೆ

ವೀಕೆಂಡ್ ಬಂದ್ರೆ ಕುಮಾರ ಪರ್ವತ, ದಾಂಡೇಲಿ ರಾಫ್ಟಿಂಗು ಅಂತ ಜನರನ್ನ ಕರ್ಕೊಂಡು ಹೋಗೋ ಹುಡುಗ್ರು ಹುಡುಗೀರು ಕೇಳೋದು ಒಂದೇ, ಇದೇ ಕೆಲ್ಸ ನ್ಯೂಜಿಲೆಂಡಲ್ಲಿ ಮಾಡಕ್ಕಾಗುತ್ತಾ ಅಂತ. ಆಗುತ್ತೆ. ಆದ್ರೆ ಕ್ವೀನ್ಸ್‌ಟೌನ್ ಹತ್ರ ಕವಾರೌ ಸೇತುವೆ ಮೇಲಿಂದ ಜನ ಬಂಜಿ ಹಾರೋ ವಿಡಿಯೋ ನೋಡಿ ನಾನೂ ಅಂಥದ್ದೇ ಮಾಡ್ತೀನಿ ಅಂತ ಹೊರಟ್ರೆ ಕೈ ಸುಟ್ಕೊಳ್ಳೋದು ಗ್ಯಾರಂಟಿ, ಅಲ್ಲಿ 1988ರಿಂದ ನಡೀತಿರೋ ಧಂದೆ ಅದು. ಹೊಸಬ್ರಿಗೆ ದುಡ್ಡು ಇರೋದು ಜನ ರೀಲ್ಸ್ ಮಾಡದೇ ಇರೋ ಕೆಲ್ಸದಲ್ಲಿ: ಸೈಕಲ್ ಬಾಡಿಗೆ, ಲಗೇಜ್ ಸಾಗಿಸೋದು, ವ್ಯಾನಲ್ಲಿ ಬಿಟ್ಟು ಕರ್ಕೊಂಡು ಬರೋದು, ಸಂಜೆ ಬಿಸಿ ಅನ್ನ ಸಾರು ಸಿಗೋ ಹಾಗೆ ನೋಡ್ಕೊಳ್ಳೋದು.

ಮೊದ್ಲು ವೀಸಾ, ಯಾಕಂದ್ರೆ ಎಷ್ಟೋ ಜನ ಇದನ್ನ ಕೊನೇಗೆ ನೋಡ್ತಾರೆ. ಹಳೇ ಆಂಟ್ರಪ್ರೆನ್ಯೂರ್ ವರ್ಕ್ ವೀಸಾ 2025ರ ಆಗಸ್ಟಲ್ಲಿ ಮುಚ್ಚೋಯ್ತು. ಅದ್ರ ಬದ್ಲು ಬಂದಿರೋ ಬಿಸಿನೆಸ್ ಇನ್ವೆಸ್ಟರ್ ವೀಸಾಗೆ ಕನಿಷ್ಠ 10 ಲಕ್ಷ ನ್ಯೂಜಿಲೆಂಡ್ ಡಾಲರ್ ಹಾಕ್ಬೇಕು, ಅದೂ ಹೊಸದಾಗಿ ಶುರು ಮಾಡಕ್ಕಲ್ಲ, 5 ವರ್ಷದಿಂದಾದ್ರೂ ನಡೀತಿರೋ ಬಿಸಿನೆಸ್ ತಗೊಳ್ಳಕ್ಕೆ. ಅಷ್ಟಿಲ್ಲ ಅನ್ನೋರಿಗೆ (ನಮ್ಮಲ್ಲಿ ಮುಕ್ಕಾಲು ಪಾಲು ಜನ) ದಾರಿ ಸುತ್ತು: ಯಾವ್ದಾದ್ರೂ ಸ್ಕಿಲ್ ಇರೋ ಕೆಲ್ಸದ ಮೇಲೆ ಹೋಗಿ, ರೆಸಿಡೆನ್ಸ್ (ಅಲ್ಲೇ ನೆಲೆಸೋ ಅನುಮತಿ) ತಗೊಂಡು, ಆಮೇಲೆ ಸ್ವಂತ ಬಿಸಿನೆಸ್. ಎಂಪ್ಲಾಯರ್ ಕೊಡಿಸಿದ ವರ್ಕ್ ವೀಸಾದಲ್ಲಿದ್ಕೊಂಡು ಸೈಡಲ್ಲಿ ಟೂರ್ ಮಾಡ್ತೀನಿ ಅಂದ್ರೆ ಅದು ವೀಸಾ ಷರತ್ತಿಗೆ ವಿರುದ್ಧ, ಸ್ಟೂಡೆಂಟ್ ವೀಸಾದಲ್ಲೂ ಅಷ್ಟೇ. ಅಲ್ಲಿನ ಕನ್ನಡ ಕೂಟದಲ್ಲಿ ಯಾರೋ ಒಬ್ರು "ಏನೂ ಆಗಲ್ಲ ಮಾಡಿ ಗುರು, ಯಾರು ನೋಡ್ತಾರೆ" ಅಂತಾರೆ. ಅವ್ರ ಮಾತು ಕೇಳ್ಬೇಡಿ, ಸಿಕ್ಕಾಕ್ಕೊಂಡ್ರೆ ವೀಸಾ ಹೋಗೋದು ನಿಮ್ದು.

ದುಡ್ಡು ಕಳ್ಸೋ ಲೆಕ್ಕ ಈಗ್ಲೇ ಹಾಕ್ಕೊಳ್ಳಿ. ನಮ್ಮ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ದುಡ್ಡು ಕಳ್ಸೋ ಸ್ಕೀಮು) ಪ್ರಕಾರ ಒಬ್ರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್ ಮಿತಿ, ಹೂಡಿಕೆಗೆ ಅಂತ ಕಳ್ಸಿದ್ರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ್ಮೇಲೆ 20 ಪರ್ಸೆಂಟ್ ಟಿಸಿಎಸ್, ಅಂದ್ರೆ ಬ್ಯಾಂಕು ಮುಂಚೆನೇ ಹಿಡ್ಕೊಳ್ಳೋ ತೆರಿಗೆ. ಅದು ಆಮೇಲೆ ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತೆ ನಿಜ, ಆದ್ರೆ ಅಲ್ಲೀವರ್ಗೂ ಆ ದುಡ್ಡು ಕೈಲಿರಲ್ಲ. ದೊಡ್ಡ ಮೊತ್ತ ಆದ್ರೆ ಗಂಡ ಹೆಂಡ್ತಿ ಇಬ್ರ ಹೆಸ್ರಲ್ಲೂ ಮಾರ್ಚ್ 31ರ ಒಳ್ಗೆ ಒಂದ್ಸಲ, ಏಪ್ರಿಲ್ ಶುರುವಾದ್ಮೇಲೆ ಇನ್ನೊಂದ್ಸಲ ಅಂತ ಪ್ಲಾನ್ ಮಾಡ್ತಾರೆ. ಊರಲ್ಲಿದ್ಕೊಂಡೇ ಹೊರಗಿನ ಕಂಪನಿ ಶೇರಿಗೆ ಹಾಕೋದಾದ್ರೆ ಬ್ಯಾಂಕಲ್ಲಿ ಓಡಿಐ (ಹೊರದೇಶದಲ್ಲಿ ನೇರ ಹೂಡಿಕೆ) ಫಾರ್ಮು ಬೇರೆ ಇದೆ, ಇದಕ್ಕೊಬ್ಬ ಒಳ್ಳೇ ಸಿಎ ಇಟ್ಕೊಳ್ಳಿ, ಅಲ್ಲಿ ಕಂಜೂಸ್ ಆಗ್ಬೇಡಿ. ಕಂಪನಿ ರಿಜಿಸ್ಟರ್ ಮಾಡೋದೇನೋ ಸುಲಭ, ಎಲ್ಲಾ ಆನ್‌ಲೈನು, ಆದ್ರೆ ಒಬ್ಬ ಡೈರೆಕ್ಟರ್ ಆದ್ರೂ ನ್ಯೂಜಿಲೆಂಡಲ್ಲಿ ವಾಸ ಇರ್ಬೇಕು, ಇಲ್ಲಾ ಆಸ್ಟ್ರೇಲಿಯಾದಲ್ಲಿದ್ದು ಅಲ್ಲಿನ ಕಂಪನಿಗೆ ಡೈರೆಕ್ಟರ್ ಆಗಿರ್ಬೇಕು. ವಹಿವಾಟು ವರ್ಷಕ್ಕೆ 60,000 ನ್ಯೂಜಿಲೆಂಡ್ ಡಾಲರ್ ದಾಟಿದ್ರೆ ಜಿಎಸ್‌ಟಿ, 15 ಪರ್ಸೆಂಟ್.

ಈಗ ಮುಖ್ಯ ವಿಷ್ಯ, ಯಾವ ಆಕ್ಟಿವಿಟಿ ಅಂತ. ರಾಫ್ಟಿಂಗ್, ರಾಕ್ ಕ್ಲೈಂಬಿಂಗ್, ಕ್ಯಾನಿಯನಿಂಗ್ (ಕಣಿವೆ ಹಳ್ಳದಲ್ಲಿ ಹಗ್ಗ ಹಿಡ್ದು ಇಳಿಯೋದು) ಥರದ್ದಕ್ಕೆಲ್ಲ 2016ರ ಅಡ್ವೆಂಚರ್ ಆಕ್ಟಿವಿಟೀಸ್ ರೆಗ್ಯುಲೇಷನ್ಸ್ ಅನ್ವಯ ಆಗುತ್ತೆ. ಅಂದ್ರೆ ಹೊರಗಿನ ಆಡಿಟರ್ ಬಂದು ನಿಮ್ ಸೇಫ್ಟಿ ಸಿಸ್ಟಮ್ ಪೂರ್ತಿ ಜಾಲಾಡಿ ಪಾಸ್ ಮಾಡ್ಬೇಕು, ವರ್ಕ್‌ಸೇಫ್ ಅನ್ನೋ ಸರ್ಕಾರಿ ಸಂಸ್ಥೆ ರಿಜಿಸ್ಟರಲ್ಲಿ ಹೆಸ್ರು ಬರ್ಬೇಕು, ಅಲ್ಲೀವರ್ಗೂ ಒಬ್ಬ ಗಿರಾಕೀನೂ ಕರ್ಕೊಂಡು ಹೋಗೋ ಹಾಗಿಲ್ಲ. 2019ರ ಡಿಸೆಂಬರ್ 9ಕ್ಕೆ ವಾಕಾರಿ ಜ್ವಾಲಾಮುಖಿ ದ್ವೀಪದಲ್ಲಿ ಟೂರಿಸ್ಟುಗಳು ಇದ್ದಾಗ್ಲೇ ಸಿಡಿದು 22 ಜನ ಸತ್ರಲ್ಲ, ಅದಾದ್ಮೇಲೆ 2024ರ ಏಪ್ರಿಲಿಂದ ನಿಯಮ ಇನ್ನೂ ಬಿಗಿ. ನನ್ ಪ್ರಕಾರ ಇದು ಸರಿಯಾಗೇ ಇದೆ, ನಮ್ಮಲ್ಲಿ ನದಿ ಪಕ್ಕ ಲೈಫ್ ಜಾಕೆಟ್ ರಾಶಿ ಹಾಕ್ಕೊಂಡು ಅಂಗಡಿ ತೆಗೆಯೋ ಸ್ಟೈಲ್ ಅಲ್ಲಿ ನಡೆಯಲ್ಲ. ಆದ್ರೆ ಮೊದಲ ವರ್ಷಾನೇ ಇಬ್ರು ಮೂವರ ಟೀಮಿಗೆ ಈ ಆಡಿಟ್ ಖರ್ಚು ಭಾರ ಆಗುತ್ತೆ. ಟೂರಿಸ್ಟಿಗೆ ಸೈಕಲ್ ಬಾಡಿಗೆ ಕೊಟ್ಟು ಅವ್ರಷ್ಟಕ್ಕೆ ಅವ್ರು ಸಲೀಸು ಹಾದೀಲಿ ಓಡ್ಸ್ಕೊಂಡು ಹೋಗೋದು ಸಾಮಾನ್ಯವಾಗಿ ಇದ್ರೊಳ್ಗೆ ಬರಲ್ಲ. ಅದಕ್ಕೇ ಸೈಕಲ್ ಅಂತ ಹೇಳ್ತಿರೋದು.

ಜಾಗ ಕೇಳಿದ್ರೆ ನಾನು ಕಣ್ಮುಚ್ಕೊಂಡು ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್ ಅಂತೀನಿ. ಸೌತ್ ಐಲೆಂಡಲ್ಲಿ ಕ್ಲೈಡ್ ಇಂದ ಮಿಡಲ್‌ಮಾರ್ಚ್ ವರ್ಗೂ 152 ಕಿಲೋಮೀಟರು, ಹಳೇ ರೈಲ್ವೆ ಹಳಿ ಕಿತ್ತು 2000ದಲ್ಲಿ ಸೈಕಲ್ ಹಾದಿ ಮಾಡಿದ್ದು. ರೈಲು ಹತ್ತಿದ್ದ ಏರು ಅಂದ್ಮೇಲೆ ಯಾರ್ ಬೇಕಾದ್ರೂ ಹತ್ತಬಹುದು, ಅರವತ್ತು ದಾಟಿದೋರೂ ಇ-ಬೈಕ್ ಕೊಟ್ರೆ ಆರಾಮಾಗಿ ನಾಲ್ಕೈದು ದಿನದಲ್ಲಿ ಮುಗಿಸ್ತಾರೆ. ಪೂಲ್‌ಬರ್ನ್ ಕಣಿವೆ ಹತ್ರ ಸುರಂಗ ಇದೆ, ಒಳಗೆ ಗವ್ ಅನ್ನೋ ಕತ್ತಲು, ಟಾರ್ಚ್ ಇಲ್ದೇ ಕಳ್ಸಬೇಡಿ. ಬೆಳಗ್ಗೆ ಕ್ಲೈಡಲ್ಲಿ ಸೈಕಲ್ ಕೊಡೋವಾಗ ಅವಸರ ಬೇಡ, ಸೀಟಿನ ಎತ್ತರ ಒಬ್ಬೊಬ್ರಿಗೂ ನೋಡಿ ಸರಿ ಮಾಡಿ. "ಆಂಟಿ, ಸ್ವಲ್ಪ ಪೆಡಲ್ ಕೆಳಗೆ ಮಾಡಿ, ಮಂಡಿ ಪೂರ್ತಿ ನೆಟ್ಟಗಾಗ್ಬಾರ್ದು, ಚೂರು ಮಡಚಿರ್ಬೇಕು" ಅಂತ ನಿಂತು ನೋಡಿ, ದುಪಟ್ಟಾ ಚೈನಿಗೆ ಸಿಗದ ಹಾಗೆ ಕಟ್ಸಿ, ಮುಂದಿನ ಬ್ರೇಕು ಹಿಂದಿನ ಬ್ರೇಕು ಯಾವ್ದು ಅಂತ ಖಾಲಿ ಜಾಗದಲ್ಲಿ ಎರಡು ರೌಂಡ್ ಹೊಡ್ಸಿ. ಊರಲ್ಲಿ ಸ್ಕೂಲ್ ಬಿಟ್ಮೇಲೆ ಸೈಕಲ್ ಮುಟ್ಟದೇ ಇರೋರೇ ಜಾಸ್ತಿ. ಹೆಲ್ಮೆಟ್ ಅಂತೂ ರಸ್ತೆಗಿಳಿದ್ರೆ ಕಾನೂನು.

ಹಾದೀಲಿ ನೀವೇ ಗೈಡ್ ಆಗಿ ಹೋಗ್ತೀನಿ ಅಂದ್ರೆ ಡಿಪಾರ್ಟ್‌ಮೆಂಟ್ ಆಫ್ ಕನ್ಸರ್ವೇಶನ್, ಅಲ್ಲಿ ಎಲ್ರೂ ಡಾಕ್ ಅಂತಾರೆ, ಅವ್ರಿಂದ ಕನ್ಸೆಷನ್ ಅನ್ನೋ ಪರ್ಮಿಟ್ ಬೇಕು. ದೇಶದ ಹತ್ತತ್ರ ಮೂರನೇ ಒಂದು ಭಾಗ ಭೂಮಿ ಅವ್ರ ಕೈಲಿದೆ. ಕಾಡಲ್ಲಿ ನಡ್ಕೊಂಡು ಹೋಗಕ್ಕೆ ಸಾಮಾನ್ಯ ಜನ ದುಡ್ಡು ಕೊಡ್ಬೇಕಾಗಿಲ್ಲ, ಅದೇ ಹಾದೀಲಿ ದುಡ್ಡು ತಗೊಂಡು ಕರ್ಕೊಂಡು ಹೋದ್ರೆ ಪರ್ಮಿಟ್. ಅರ್ಜಿ ಹಾಕಿ ತಿಂಗಳುಗಟ್ಲೆ ಕಾಯ್ಬೇಕಾಗ್ಬಹುದು, ಸೀಸನ್ ಹತ್ರ ಬಂದಾಗ ಹಾಕಿದ್ರೆ ಆ ವರ್ಷ ಹೋದಂಗೇ. 1987ರ ಕನ್ಸರ್ವೇಶನ್ ಆಕ್ಟ್ ಪ್ರಕಾರ ಬ್ರಿಟಿಷರೂ ಅಲ್ಲಿನ ಮೂಲನಿವಾಸಿ ಮಾವೊರಿಗಳೂ ಮಾಡ್ಕೊಂಡ ವೈಟಾಂಗಿ ಒಪ್ಪಂದದ ತತ್ವ ಪಾಲಿಸ್ಲೇಬೇಕು, ಹಾಗಾಗಿ ಆ ಜಾಗದ ಮಾವೊರಿ ಸಮುದಾಯದೋರ ಅಭಿಪ್ರಾಯಕ್ಕೂ ಬೆಲೆ ಇದೆ, ಮೊದಲೇ ಹೋಗಿ ಮಾತಾಡ್ಸಿ. ಜ್ವಾಲಾಮುಖಿ ಬೆಟ್ಟಗಳ ನಡುವಿನ ಟಾಂಗರಿರೊ ಕ್ರಾಸಿಂಗ್ ಅನ್ನೋ ಹಾದೀಲಿ ನಡೀರಿ, ಶಿಖರ ಹತ್ತಬೇಡಿ, ನಮಗದು ಪವಿತ್ರ ಅಂತ ಅವ್ರು ಕೇಳ್ಕೊಳ್ತಾರೆ. ಬೆಟ್ಟದ ಬುಡದಲ್ಲೇ ಚಪ್ಪಲಿ ಬಿಟ್ಟು ದೇವಸ್ಥಾನಕ್ಕೆ ಹತ್ತೋ ನಮ್ಮೋರಿಗೆ ಇದನ್ನ ಬಿಡ್ಸಿ ಹೇಳೋದೇನೂ ಬೇಡ.

ವ್ಯಾನ್ ವಿಷ್ಯ ಬೇಗ ಹೇಳ್ಬಿಡ್ತೀನಿ. ದುಡ್ಡು ತಗೊಂಡು ಜನರನ್ನ ಕೂರಿಸ್ಕೊಳ್ಳಕ್ಕೆ ನಿಮ್ ಲೈಸೆನ್ಸ್ ಮೇಲೆ ಪಿ ಎಂಡಾರ್ಸ್‌ಮೆಂಟ್ ಅನ್ನೋ ಹೆಚ್ಚುವರಿ ಅನುಮತಿ, ಬಿಸಿನೆಸ್ಸಿಗೆ ಪ್ಯಾಸೆಂಜರ್ ಸರ್ವಿಸ್ ಲೈಸೆನ್ಸ್, ಗಾಡಿಗೆ ಆರು ತಿಂಗ್ಳಿಗೊಮ್ಮೆ ಸಿಒಎಫ್ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟು, ಮೂರೂ ಬೇಕು. ಊರಿನ ಥರ ಎಡಗಡೆ ಡ್ರೈವಿಂಗು, ಅದೊಂದು ಸಮಾಧಾನ.

ಸೀಸನ್ನಲ್ಲಿ ಒಂದು ತೊಡಕಿದೆ, ಇದನ್ನ ಬೆಂಗಳೂರಲ್ಲಿ ಕೂತು ಲೆಕ್ಕ ಹಾಕೋರು ಮಿಸ್ ಮಾಡ್ತಾರೆ. ನಮ್ಮ ಮಕ್ಕಳ ಬೇಸಿಗೆ ರಜ ಏಪ್ರಿಲ್-ಮೇ, ಆಗ ಅಲ್ಲಿ ಶರತ್ಕಾಲ ಮುಗೀತಾ ಚಳಿ ಬರ್ತಿರುತ್ತೆ. ಗ್ರೇಟ್ ವಾಕ್ಸ್ (ಡಾಕ್ ನೋಡ್ಕೊಳ್ಳೋ ಹೆಸರುವಾಸಿ ಟ್ರೆಕ್ಕಿಂಗ್ ಹಾದಿಗಳು) ಸೀಸನ್ ಏಪ್ರಿಲ್ ಕೊನೇಗೆ ಮುಗಿಯುತ್ತೆ. ಅಂದ್ರೆ ಕರ್ನಾಟಕದ ಫ್ಯಾಮಿಲಿಗಳನ್ನ ನಂಬ್ಕೊಂಡ್ರೆ ಸಿಗೋದು ಏಪ್ರಿಲ್ ಒಂದೇ ತಿಂಗಳು, ಜೊತೆಗೆ ಕ್ರಿಸ್‌ಮಸ್ ರಜ. ಏಪ್ರಿಲಲ್ಲಿ ಸೆಂಟ್ರಲ್ ಒಟಾಗೊ ಮರ ಎಲ್ಲಾ ಹಳದಿ ಕೆಂಪು, ಫೋಟೋಗೆ ಹೇಳಿ ಮಾಡ್ಸಿದ್ದು, ಅದನ್ನ ಚೆನ್ನಾಗಿ ಮಾರಿ. ಮೇ ತಿಂಗಳಿಗೆ ಬುಕಿಂಗ್ ಕೇಳ್ಕೊಂಡು ಬಂದ್ರೆ ಬೇಡ ಸಾರ್ ಅಂತ ನೇರವಾಗಿ ಹೇಳಿ. ನವೆಂಬರಿಂದ ಮಾರ್ಚ್ ತುಂಬಿಸಕ್ಕೆ ಆಸ್ಟ್ರೇಲಿಯಾದವ್ರು ಮತ್ತೆ ಲೋಕಲ್ ನ್ಯೂಜಿಲೆಂಡಿನವ್ರೇ ಬೇಕು, ಮೆನು, ವೆಬ್‌ಸೈಟು ಎಲ್ಲಾ ಅವ್ರಿಗೂ ಒಗ್ಗೋ ಹಾಗಿರ್ಲಿ.

ಊರಿಂದ ಬರೋ ಗೆಸ್ಟಿಗೆ ಟಿಕೆಟ್ ಬುಕ್ ಆದ ದಿನಾನೇ ಒಂದು ವಾಟ್ಸಾಪ್ ವಾಯ್ಸ್ ನೋಟ್ ಕಳ್ಸಿ, ಏರ್‌ಪೋರ್ಟಿನ ಬಯೋಸೆಕ್ಯುರಿಟಿ ಬಗ್ಗೆ. ಚಟ್ನಿಪುಡಿ, ಉಪ್ಪಿನಕಾಯಿ, ಕೋಡುಬಳೆ ಏನಿದ್ರೂ ಡಿಕ್ಲೇರ್ ಮಾಡ್ಲೇಬೇಕು, ಮಾಡಿದ್ರೆ ನೋಡಿ ಬಿಡ್ತಾರೆ ಇಲ್ಲಾ ಬಿಸಾಕ್ತಾರೆ ಅಷ್ಟೇ, ಮುಚ್ಚಿಟ್ರೆ ಸ್ಥಳದಲ್ಲೇ 400 ಡಾಲರ್ ದಂಡ. ಅಜ್ಜಿ ಕಟ್ಟಿಕೊಟ್ಟ ಕೊಡಗಿನ ಜೇನು ತರೋ ಹಾಗೇ ಇಲ್ಲ. ಟ್ರೆಕ್ಕಿಂಗ್ ಶೂ ಅಡಿ ತಿರುಗ್ಸಿ ನೋಡ್ತಾರೆ, ಸೋಲಿನ ಸಂದುಗಳಲ್ಲಿ ಒಣಗಿರೋ ಚಾರ್ಮಾಡಿ ಮಣ್ಣು ಹಳೇ ಟೂತ್‌ಬ್ರಶಲ್ಲಿ ಉಜ್ಜಿ ತೆಗೆದು ಹೊರಡಕ್ಕೆ ಹೇಳಿ. ಊಟ ನೀವೇ ಮಾಡಿ ಮಾರೋದಾದ್ರೆ ಫುಡ್ ಆಕ್ಟ್ ಪ್ರಕಾರ ರಿಜಿಸ್ಟರ್ ಮಾಡಿಸ್ಕೊಳ್ಳಿ. ಟ್ರೇಲ್ ಊರುಗಳ ಪಬ್ಬಲ್ಲಿ ಮಾಂಸದ ಪೈ ಸಿಗುತ್ತೆ, ಸಸ್ಯಾಹಾರಿ ಅಂದ್ರೆ ಚಿಪ್ಸು. ಒಂದು ರೈಸ್ ಕುಕ್ಕರು, ಒಂದು ಡಬ್ಬ ಸಾರಿನ ಪುಡಿ ಇದ್ರೆ ನಿಮ್ಮನ್ನ ಯಾರೂ ಮರೆಯಲ್ಲ.

ನಿಧಾನಕ್ಕೆ ಟ್ರೆಕ್ಕಿಂಗ್ ಕಡೆ ಹೋಗೋದಾದ್ರೆ ಅಲ್ಲಿನ ಔಟ್‌ಡೋರ್ ಇನ್‌ಸ್ಟ್ರಕ್ಟರ್ಸ್ ಅಸೋಸಿಯೇಷನ್ ಕೊಡೋ ಬುಶ್ ಸರ್ಟಿಫಿಕೇಟು, ಔಟ್‌ಡೋರ್ ಫಸ್ಟ್ ಏಡ್ ಎರಡೂ ಮಾಡ್ಕೊಳ್ಳಿ. ಉತ್ತರಕಾಶಿಯ ಪರ್ವತಾರೋಹಣ ಬೇಸಿಕ್ ಕೋರ್ಸ್ ಮಾಡಿದ್ರೆ ಒಳ್ಳೇದೇ, ಆದ್ರೆ ನ್ಯೂಜಿಲೆಂಡಲ್ಲಿ ಜೀವ ತೆಗೆಯೋದು ಎತ್ತರಕ್ಕಿಂತ ನದಿ. ಸೌತ್ ಐಲೆಂಡಿನ ಮಿಲ್ಫರ್ಡ್ ಸೌಂಡಲ್ಲಿ ವರ್ಷಕ್ಕೆ 6,500 ಮಿಲಿಮೀಟರಿಗೂ ಜಾಸ್ತಿ ಮಳೆ, ಹೆಚ್ಚುಕಮ್ಮಿ ನಮ್ಮ ಆಗುಂಬೆ, ಬೆಳಗ್ಗೆ ಪಾದ ನೆನೆಯೋಷ್ಟಿದ್ದ ಹಳ್ಳ ಮಧ್ಯಾಹ್ನ ಸೊಂಟ ದಾಟುತ್ತೆ. ಸೇತುವೆ ಇಲ್ಲ, ನೀರು ಕೆಂಪಾಗಿದೆ ಅಂದ್ರೆ ಕೂತು ಕಾಯಿ, ಫ್ಲೈಟ್ ಮಿಸ್ ಆದ್ರೂ ಪರ್ವಾಗಿಲ್ಲ. ಮೊಬೈಲ್ ನೆಟ್‌ವರ್ಕ್ ಬಹಳ ಕಡೆ ಇರಲ್ಲ, ಅಪಾಯದಲ್ಲಿ ನೀವಿರೋ ಜಾಗದ ಸಿಗ್ನಲ್ ಕಳ್ಸೋ ಪಿಎಲ್‌ಬಿ ಅನ್ನೋ ಲೊಕೇಟರ್ ಬೀಕನ್ ಒಂದು ಬ್ಯಾಗಲ್ಲಿರ್ಲಿ. ಗಿರಾಕಿಗೆ ಪೆಟ್ಟಾದ್ರೆ ಟೂರಿಸ್ಟ್ ಆದ್ರೂ ಎಸಿಸಿ ಅನ್ನೋ ಸರ್ಕಾರಿ ಸ್ಕೀಮು ಅಲ್ಲಿನ ಚಿಕಿತ್ಸೆ ಖರ್ಚಿಗೆ ಸಹಾಯ ಮಾಡುತ್ತೆ, ಪರಿಹಾರ ಕೊಡು ಅಂತ ನಿಮ್ ಮೇಲೆ ಕೇಸ್ ಹಾಕೋ ಹಾಗಿಲ್ಲ. ಆದ್ರೆ ಜ್ವರ, ಹಾರ್ಟ್ ಪ್ರಾಬ್ಲಮ್ ಅದ್ರೊಳ್ಗೆ ಬರಲ್ಲ, ಟ್ರಾವೆಲ್ ಇನ್ಶೂರೆನ್ಸ್ ಇಲ್ದೋರನ್ನ ಸೇರಿಸ್ಕೋಬೇಡಿ. ಮತ್ತೆ ನಿಮ್ ನಿರ್ಲಕ್ಷ್ಯ ಇದ್ರೆ ವರ್ಕ್‌ಸೇಫ್ ಕೇಸ್ ಹಾಕಿ ಕೋರ್ಟ್ ದಂಡ ಹಾಕಿದ್ರೆ ಅದನ್ನ ಇನ್ಶೂರೆನ್ಸಿಂದ ಕಟ್ಟಕ್ಕೆ ಕಾನೂನೇ ಬಿಡಲ್ಲ, ಸ್ವಂತ ಜೇಬಿಂದಾನೇ ಕಟ್ಟಬೇಕು.

ಜೂನಿಂದ ಆಗಸ್ಟ್ ರೈಲ್ ಟ್ರೇಲ್ ಕಡೆ ಆದಾಯ ಬಿಟ್ಬಿಡಿ. ಅಲ್ಲೇ ಹತ್ರದ ಓಫಿರ್ ಊರಲ್ಲಿ 1995ರಲ್ಲಿ ಮೈನಸ್ 21.6 ಡಿಗ್ರಿಗೆ ಇಳಿದಿತ್ತು. ಆ ಮೂರು ತಿಂಗಳ ಶೆಡ್ ಬಾಡಿಗೆ, ವ್ಯಾನ್ ಕಂತು ಫೆಬ್ರವರಿ ಒಳ್ಗೇ ಬೇರೆ ಅಕೌಂಟಿಗೆ ಎತ್ತಿಟ್ಬಿಡಿ, ಇ-ಬೈಕ್ ಬ್ಯಾಟರಿಗಳನ್ನ ಪೂರ್ತಿ ಖಾಲಿ ಮಾಡಿ ಚಳೀಲಿ ಬಿಡ್ಬೇಡಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಚಾರ್ಜಲ್ಲಿ ಮನೆ ಒಳಗೆ ಇಟ್ಕೊಳ್ಳಿ.