ಗುಬ್ಬಿ ಬಾಗಲಾ ಯಾಕ ತಗೀಲಿಲ್ರೀ?

ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಶನಿವಾರದ ಕೊನೆಯ ಅವಧಿ ಕಥೆಗೆ ಮೀಸಲು. ಕಥೆ ಹೇಳೋದು, ಆಮೇಲೆ ಬೋರ್ಡ್ ಮೇಲೆ 'ನೀತಿ' ಅಂತ ಬರೆದು ಕೆಳಗೆ ಗೆರೆ ಎಳೆಯೋದು, ಮಕ್ಕಳು ಅದನ್ನ ನೋಟ್‌ಬುಕ್ಕಿಗೆ ಇಳಿಸಿಕೊಳ್ಳೋದು. ವರ್ಷಗಟ್ಟಲೆ ಹೀಗೇ ನಡೆಸಿದೆ.

ಆವತ್ತು ಕಾಗಕ್ಕ ಗುಬ್ಬಕ್ಕನ ಕಥೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ಕರಗಿ ಹೋಗುತ್ತೆ, ಕಾಗಕ್ಕ ತೊಯ್ಸಿಕೊಂಡು ಬಂದು ಬಾಗಿಲು ಬಡೀತಾಳೆ. 'ತಡಿಯವ್ವಾ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ' ಅಂತಾಳೆ ಗುಬ್ಬಕ್ಕ. ಮತ್ತೆ ಬಡಿದರೆ 'ತಡಿ, ಎರಿಯಾಕತ್ತೀನಿ'. ಮತ್ತೆ ಬಡಿದರೆ 'ತಡಿ, ಕುಂಚಿಗಿ ಕಟ್ಟಾಕತ್ತೀನಿ'. ನಾನು ಬರೆದ ನೀತಿ: ಮುಂದಾಲೋಚನೆ ಇಲ್ಲದವರು ಕಷ್ಟಪಡುತ್ತಾರೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಪೆನ್ಸಿಲ್ ಎತ್ತಲಿಲ್ಲ. 'ಸರ್, ಗುಬ್ಬಿ ಬಾಗಲಾ ಯಾಕ ತಗೀಲಿಲ್ರೀ?' ಅಂದಳು.

ಆ ಮಳೆಗಾಲದಲ್ಲಿ ಅವರ ಮನೆಯ ಒಂದು ಮೂಲೆ ಕುಸಿದಿತ್ತು. ನಮ್ಮ ಕಡೆ ಹಳೆ ಮನೆಗಳು ಮಣ್ಣಿನ ಮಾಳಿಗೆಯವು, ಮಳೆಗೆ ಮುಂಚೆ ಮೇಲೆ ಸವಳು ಮಣ್ಣು ಹಾಕಬೇಕು, ಕೂಲಿಗೆ ಹೋಗೋ ಮನೆಯಲ್ಲಿ ಅದಕ್ಕೆ ಕೈಯೂ ಇರಲ್ಲ ಕಾಸೂ ಇರಲ್ಲ. ಎರಡು ರಾತ್ರಿ ಅವರು ಹನುಮಪ್ಪನ ಗುಡಿಯಲ್ಲಿ ಮಲಗಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮನೆ ಬಿದ್ದದ್ದು ನಿಮ್ಮದೇ ತಪ್ಪು ಅಂತ ಆ ಮಗುವಿನ ಎದುರಿಗೆ ಬರೆದಿದ್ದೆ. ಬೋರ್ಡ್ ಒರೆಸಿಬಿಟ್ಟೆ.

ಆಮೇಲೆ ನೆನಪಾದದ್ದು ತೊಗಲುಗೊಂಬೆ ಆಟ. 2025ರಲ್ಲಿ ಪದ್ಮಶ್ರೀ ಪಡೆದ ಗೊಂಬೆಯಾಟದ ಕಲಾವಿದೆ, ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ನಮ್ಮ ಜಿಲ್ಲೆಯವರೇ. ಆ ಆಟದಲ್ಲಿ ರಾಮಾಯಣ, ಮಹಾಭಾರತ ನಡೀತಾ ಇರುವಾಗಲೇ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನೋ ಹಾಸ್ಯದ ಗೊಂಬೆಗಳು ನಡುವೆ ನುಗ್ಗಿ ನಗಿಸುತ್ತವೆ, ದೊಡ್ಡವರನ್ನೂ ಬಿಡದೆ ಮಾತಾಡುತ್ತವೆ. ನಾನೂ ರಟ್ಟು ಕತ್ತರಿಸಿ ಒಂದು ಕಿಳ್ಳೇಕ್ಯಾತ ಮಾಡಿಕೊಂಡೆ. ಈಗ ಮೂರನೇ ಸಲ ಬಾಗಿಲು ಬಡಿದಾಗ ಕಥೆ ನಿಲ್ಲಿಸುತ್ತೇನೆ. ಕಿಳ್ಳೇಕ್ಯಾತ ಎದ್ದು ಕೇಳುತ್ತಾನೆ: 'ಯಾರದು ತಪ್ಪು?' ಶಿಕ್ಷಕ ಕೇಳಿದರೆ ಮಕ್ಕಳು ಸರಿ ಉತ್ತರ ಹುಡುಕುತ್ತಾರೆ, ಗೊಂಬೆ ಕೇಳಿದರೆ ತಮಗೆ ಅನಿಸಿದ್ದು ಹೇಳುತ್ತಾರೆ. ಈ ವ್ಯತ್ಯಾಸ ನಾನು ಕಣ್ಣಾರೆ ಕಂಡಿದ್ದು.

ಇನ್ನೊಂದು, ಅದೇ ಕಥೆಯನ್ನ ಮನೆಯಲ್ಲಿ ಅಜ್ಜಿಯನ್ನ ಕೇಳಿಕೊಂಡು ಬರೋದಕ್ಕೆ ಹೇಳಿದೆ, ಮನೆ ಮಾತಲ್ಲೇ ಹೇಳಬೇಕು, ನಾನು ತಿದ್ದೋದಿಲ್ಲ ಅಂತ. ಒಂದೊಂದು ಮನೆಯ ಕಥೆ ಒಂದೊಂದು ಥರ ಇತ್ತು. ಒಬ್ಬರ ಮನೆಯಲ್ಲಿ ಕಾಗಿ ಒಳಗೆ ಬಂದು ರಾತ್ರಿಯೆಲ್ಲಾ ಕಟುಂ ಕುಟುಂ ಅಂತ ಕಡ್ಲಿ ತಿಂದು ಮುಗಿಸುತ್ತೆ. ಇನ್ನೊಬ್ಬರ ಮನೆಯಲ್ಲಿ ಗುಬ್ಬಿ ಕಾಗಿಯನ್ನ ಕಾದ ಹಂಚಿನ ಮೇಲೆ ಕೂರಿಸಿ ಸುಡುತ್ತೆ. ಮರಾಠಿಯಲ್ಲಂತೂ ಗುಬ್ಬಿಯದು ಮೇಣದ ಮನೆ, ಕಾಗೆಯದು ಶೇಣದ ಮನೆ, ಅಂದರೆ ಸಗಣಿದು. ಇಷ್ಟು ಥರ ಇರೋ ಕಥೆಗೆ ಒಂದೇ ಸಾಲಿನ ನೀತಿ ಹೇಗೆ ಸಾಕಾಗುತ್ತೆ?

ಎಲ್ಲವೂ ಚೆಂದ ಇರುತ್ತೆ ಅಂತಲೂ ಅಲ್ಲ. ಸುಡುವ ಕಥೆಗೆ ಹುಡುಗರು ಜೋರಾಗಿ ನಕ್ಕರು, 'ಕಾಗಿ ಕರ‍್ರಗೈತಿ, ಅದು ಕಳ್ಳನ' ಅಂದನೊಬ್ಬ. ಆಗ ಗೊಂಬೆ ಕೆಳಗಿಟ್ಟು ನಾನೇ ಮಾತಾಡಿದೆ. ಬಣ್ಣ ನೋಡಿ ಕಳ್ಳ ಅನ್ನೋದು ತಪ್ಪು ಅಂತ ನೇರವಾಗಿ ಹೇಳಿದೆ. ಮಕ್ಕಳಿಗೆ ಬಿಡಬೇಕು ಅಂತ ಇಂಥದ್ದನ್ನೂ ಬಿಡೋಕಾಗಲ್ಲ.

ಹೋದ ಶನಿವಾರ ಮತ್ತೆ ಅದೇ ಕಥೆ ಬೇಕು ಅಂದರು. ಮನೆಯಲ್ಲಿ ಚಿಕ್ಕ ತಂಗಿ ಇರೋ ಹುಡುಗನೊಬ್ಬ ಗುಬ್ಬಿ ಪರವಾಗಿ ನಿಂತ. 'ಎಣ್ಣಿ ಕೈಯಾಗ ಅಗಳಿ ಜಾರ್ತೈತ್ರಿ ಸರ್, ಕೂಸಿನ್ನ ಎಲ್ಲಿ ಇಡಬೇಕು?' ಎಲ್ಲರೂ ಹೌದೌದು ಅಂದರು. ಹಿಂದಿನ ಸಾಲಿನ ಹುಡುಗಿ ಸ್ವಲ್ಪ ಹೊತ್ತು ಸುಮ್ನೆ ಇದ್ದು ಅಂದಳು:

'ಹಂಗಾದ್ರ ಬಂದೆ ಅನ್ಬೇಕಿತ್ತು. ತಡಿ ಅನ್ನೋದು ಬ್ಯಾರೆ, ಬಂದೆ ಅನ್ನೋದು ಬ್ಯಾರೆ.'